ಜೋಳಕ್ಕೆ ಉಗುರುಬಣ್ಣ: ಉಟಗಿಯಲ್ಲಿ ಎರಡು ಹಿಂಗಾರು

"ಎಲಿಗೆ ಮೂಗ ಎಲ್ಲಿರತೈತ್ರಿ?"

ಉಟಗಿಯಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಮದುವೆ ಆಗಿದೆಯಾ, ಯಾವ ಜನ, ಒಬ್ಬಳೇ ಯಾಕೆ ಬಂದೆ ಅನ್ನುವುದಕ್ಕೆಲ್ಲ ಬಸ್ಸಿನಲ್ಲೇ ಉತ್ತರ ಕಟ್ಟಿಕೊಂಡು ಬಂದಿದ್ದೆ. ಇದಕ್ಕೆ ಮಾತ್ರ ಕಟ್ಟಿಕೊಂಡಿರಲಿಲ್ಲ. ಜೋಳದ ಹೊಲದಲ್ಲಿ ಮಂಡಿಯೂರಿ ಕೂತು ಒಂದು ಎಲೆಯ ಅಡಿಗೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚುತ್ತಿದ್ದೆ. ಬದುವಿನ ಮೇಲೆ ಐದು ಜನ ಹೆಂಗಸರು ಕಳೆ ತೆಗೆಯುವ ಕುರುಪಿ ಹಿಡಿದು ನಿಂತಿದ್ದರು. ಎಲೆ ಹೇಗೆ ಉಸಿರಾಡುತ್ತದೆ ಅಂತ ನೋಡಲು ಬಂದಿದ್ದೇನೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಉಸಿರು ಇದೆ ಅಂದಮೇಲೆ ಮೂಗು ಇರಬೇಕಲ್ಲ. ಮೂಗು ಕಾಣದಿದ್ದರೆ ಹೇಳಿದವಳು ಸುಳ್ಳಿಯಾಗಿರಬೇಕು. ಅವರ ತರ್ಕದಲ್ಲಿ ಏನೂ ಕೊರತೆಯಿರಲಿಲ್ಲ.

"ಮೂಗಲ್ಲಮ್ಮ, ಬಾಯಿ. ಸಣ್ಣ ಸಣ್ಣ ಬಾಯಿ, ಸಾವಿರಾರು ಇರ್ತವೆ," ಅಂದೆ.

"ಹಂಗಾರ ತುಟಿಗೆ ಹಚ್ಚೂ ಬಣ್ಣ ತರಬೇಕಿತ್ತು. ಉಗುರಿಂದ ಯಾಕ ತಂದೀರಿ?" ಅಂದಳು ಒಬ್ಬಳು. ಐವರೂ ನಕ್ಕ ನಗು ಆ ಸಾಲು ಮುಗಿಯುವವರೆಗೂ ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಊರಿನಲ್ಲಿ ನನಗೆ ಹೆಸರು ಬಿದ್ದಾಗಿತ್ತು: ಜೋಳಕ್ಕ ನೇಲ್ ಪಾಲಿಶ್ ಹಚ್ಚೂ ಬಾಯಾರು. ಬಾಯಾರು ಅಂದರೆ ಇಲ್ಲಿ ಟೀಚರಮ್ಮ. ನಾನು ಟೀಚರಲ್ಲ ಎಂದು ಎಷ್ಟೋ ದಿನ ತಿದ್ದಿದೆ. ಆಮೇಲೆ ಸಾಕಾಗಿ ಬಿಟ್ಟೆ.

ನಾನು ಮದ್ದೂರಿನವಳು. ಎಲೆಯ ಚಿತ್ರ ತೆಗೆದು ಅದನ್ನು ಕಂಪ್ಯೂಟರಿನಿಂದ ಓದಿಸುವುದು ನನ್ನ ಪಿಎಚ್‌ಡಿ ಕೆಲಸ. ಯಾವ ಸಂಸ್ಥೆ ಅನ್ನುವುದು ಬೇಡ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಶಾಲೆಯ ಪುಸ್ತಕದಲ್ಲಿ ನೀವು ಪತ್ರರಂಧ್ರ ಅಂತ ಬಾಯಿಪಾಠ ಮಾಡಿದ್ದೀರಿ. ಜೋಳದಲ್ಲಿ ಅದು ಎರಡು ಒನಕೆಗಳನ್ನು ಪಕ್ಕಪಕ್ಕ ಮಲಗಿಸಿದ ಹಾಗೆ ಕಾಣುತ್ತದೆ. ಒನಕೆಗಳ ನಡುವಿನ ಸಂದಿಯೇ ಬಾಯಿ. ಬಾಯಿ ತೆರೆದರೆ ಗಿಡಕ್ಕೆ ಗಾಳಿ ಸಿಗುತ್ತದೆ, ಆದರೆ ಒಳಗಿನ ನೀರು ಆರಿಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಹೊಟ್ಟೆಗಿಲ್ಲ. ಉಗುರುಬಣ್ಣ ಒಣಗಿದ ಮೇಲೆ ಅಂಟುಪಟ್ಟಿಯಿಂದ ಕಿತ್ತರೆ ಎಲೆಯ ಅಚ್ಚು ಅದರಲ್ಲಿ ಮೂಡಿರುತ್ತದೆ. ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಉಣಿಸಿದರೆ ನನ್ನ ಪ್ರೋಗ್ರಾಮು ಒಂದೊಂದು ಬಾಯಿಯನ್ನೂ ಹುಡುಕಿ, ಚೌಕ ಹಾಕಿ, ಎಷ್ಟು ತೆರೆದಿದೆ ಎಂದು ಅಳೆಯುತ್ತದೆ. ಮಳೆ ನಿಂತು ನೆಲ ಆರಿದ ಮೇಲೆ, ನಡುಹಗಲ ಬಿಸಿಲಿನಲ್ಲಿ, ಇಲ್ಲಿನ ಹಿಂಗಾರಿ ಜೋಳ ಬಾಯಿ ಮುಚ್ಚುತ್ತದೋ ತೆರೆದಿಡುತ್ತದೋ? ನನಗೆ ಬೇಕಿದ್ದದ್ದು ಇಷ್ಟೇ. ಪಿಎಚ್‌ಡಿಯ ಅವಧಿ ಮುಗಿಯುತ್ತ ಬಂದಿತ್ತು. ಒಂದು ಹಿಂಗಾರಿನಲ್ಲಿ ಉತ್ತರ ಸಿಗದಿದ್ದರೆ ಐದು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮದ್ದೂರಿನಲ್ಲಿ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ನಾಲೆ ಬಿಟ್ಟರೆ ನೀರು ಗದ್ದೆಗೆ ತಾನೇ ಬರುತ್ತದೆ. ಬಿಡದಿದ್ದರೆ ಊರೆಲ್ಲ ಹೆದ್ದಾರಿಗೆ ಬರುತ್ತದೆ. ಒಂದು ಗಿಡಕ್ಕೆ ಎಷ್ಟು ನೀರು ಅಂತ ನಮ್ಮಪ್ಪ ಯಾವತ್ತೂ ಯೋಚಿಸಿದವರಲ್ಲ. ಇಲ್ಲಿ ಆಳವಾದ ಕಪ್ಪು ನೆಲ ಮಳೆಗಾಲದಲ್ಲಿ ಕುಡಿದದ್ದನ್ನೇ ಜೋಳ ಮಾಘದವರೆಗೆ ಸ್ವಲ್ಪ ಸ್ವಲ್ಪವೇ ಹೀರಿ ಬದುಕಬೇಕು.

ರಾಜ್ಯ ದಾಟಿ ಹೋಗುತ್ತಿದ್ದೇನೆ ಎಂದು ನಾನು ಮರಾಠಿ ಕಲಿಸುವ ಪುಸ್ತಕ ಓದಿಕೊಂಡು ಬಂದಿದ್ದೆ. ಗಡಿಯಾಚೆಯ ಜತ್ತಿನಲ್ಲಿ ಬಸ್ಸಿಳಿದರೆ ಫಲಕಗಳೆಲ್ಲ ಮರಾಠಿ, ಮಾತುಗಳೆಲ್ಲ ಕನ್ನಡ. ಖುಷಿಯಾಗಿ, "ಉಟಗಿಗೆ ಹೋಗೋ ಬಸ್ಸು ಎಲ್ಲಿ ನಿಲ್ಲತ್ತೆ?" ಎಂದು ಒಬ್ಬರನ್ನು ಕೇಳಿದೆ. ಆ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಉತ್ತರ ಕೊಟ್ಟರು. ನನ್ನ ಕನ್ನಡ ಅವರಿಗೆ ಕನ್ನಡದ ಹಾಗೆ ಕೇಳಿಸಲಿಲ್ಲವಂತೆ. ನಾನು ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಗೆ ಹಿಂದಿಯಲ್ಲಿ ಉತ್ತರ ಪಡೆಯಲು ಇಷ್ಟು ದೂರ ಬರಬೇಕಾಯಿತು.

ಕಚೇರಿಯ ಕಥೆ ಬೇರೆ. ಹೊಲದಲ್ಲಿ ಪ್ರಯೋಗ ಮಾಡಬೇಕೆಂದರೆ ಆ ಹೊಲದ ಸಾತಬಾರಾ ಬೇಕು. ನಮ್ಮ ಕಡೆ ಪಹಣಿ ಅನ್ನುವುದನ್ನು ಇಲ್ಲಿ ಹಾಗನ್ನುತ್ತಾರೆ. ಅರ್ಜಿ ಮರಾಠಿಯಲ್ಲಿ. ಅದನ್ನು ಕೊಡುವ ಗುಮಾಸ್ತ ಕನ್ನಡದಲ್ಲಿ ಮಾತಾಡಿ ಮರಾಠಿಯಲ್ಲಿ ಬರೆದುಕೊಳ್ಳುತ್ತಾನೆ. 'ವಿಷಯ' ಎಂಬ ಜಾಗದಲ್ಲಿ 'ಎಲೆಯ ಉಸಿರಾಟ' ಎಂದು ನೋಡಿ ಪೆನ್ನು ಕೆಳಗಿಟ್ಟ. "ಇದು ಕೃಷಿ ಖಾತೇಕ ಬರತೈತೋ, ಆರೋಗ್ಯಕ್ಕೋ?" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಮೂರು ಸಲ ಹೋಗಿ ಬಂದ ಮೇಲೆ 'ಜೋಳದ ರೋಗ' ಎಂದು ಬರೆದುಕೊಟ್ಟೆ, ತಕ್ಷಣ ಆಯಿತು.

ಮನೆ ಕೊಟ್ಟವಳು ಗಂಗವ್ವ. ಐವತ್ತೈದು ದಾಟಿದ ಹೆಂಗಸು, ಎಂಟು ಎಕರೆ ಒಣಬೇಸಾಯ, ಮೂವತ್ತು ಕುರಿ, ಒಬ್ಬ ಸೊಸೆ. ಮಗ ಲಾರಿ ಓಡಿಸುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಸೊಸೆ ಸುನಂದಾ ಹನ್ನೆರಡನೆಯ ತರಗತಿಯವರೆಗೆ ಮರಾಠಿಯಲ್ಲಿ ಓದಿದವಳು. ಫೋನು, ಫಾರಮ್ಮು, ಬ್ಯಾಂಕು ಎಲ್ಲ ಅವಳದೇ ಇಲಾಖೆ. ನನಗೆ ಸಿಕ್ಕ ಕೋಣೆಯಲ್ಲಿ ಅಲ್ಲಿಯವರೆಗೆ ಕುರಿಯ ಉಣ್ಣೆ ಇಡುತ್ತಿದ್ದರು. ಮೂರು ತಿಂಗಳು ನನ್ನ ಬಟ್ಟೆ, ಹಾಸಿಗೆ, ಲ್ಯಾಪ್‌ಟಾಪಿನ ಚೀಲ ಎಲ್ಲವೂ ಕುರಿಯ ವಾಸನೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚುತ್ತಾರೇನೋ ಎಂದು ಹಿಂಜರಿಯುತ್ತಿದ್ದೆ. ಪಕ್ಕದವರಿಂದಲೂ ಅದೇ ವಾಸನೆ ಬರುತ್ತಿತ್ತು, ಯಾರೂ ಯಾರನ್ನೂ ಕೇಳಲಿಲ್ಲ.

ಊಟ ಮೂರು ಹೊತ್ತೂ ರೊಟ್ಟಿ. ರೊಟ್ಟಿ, ಶೇಂಗಾ ಹಿಂಡಿ, ಜುಣಕ, ಮತ್ತೆ ರೊಟ್ಟಿ. ಮುದ್ದೆ ನುಂಗಿ ಬೆಳೆದ ಗಂಟಲು ಮೊದಲ ತಿಂಗಳು ಮುಷ್ಕರ ಹೂಡಿತು. ಊರಿಂದ ತಂದ ರಾಗಿಹಿಟ್ಟಿನಲ್ಲಿ ಒಂದು ದಿನ ಮುದ್ದೆ ಕಟ್ಟಿ ಗಂಗವ್ವನ ಮುಂದಿಟ್ಟೆ. ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಟ್ಟೆ. ಅವಳು ಒಂದು ತುತ್ತು ನುಂಗಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಹಲ್ಲ ಯಾತಕ್ಕ ಕೊಟ್ಟಾನ್ರಿ ದೇವರು ನಿಮಗ?" ಅಂದಳು. ಉಳಿದದ್ದನ್ನು ಕುರಿಗಳು ತಿಂದವು.

ಇನ್ನೊಂದು ನನ್ನ ತಲೆ ತಿಂದದ್ದು ನೀರು. ಸಿಗದ ನೀರಲ್ಲ, ಕೊಡುವ ನೀರು. ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಒಂದು ಚರಿಗೆ ನೀರು ಮುಂದೆ ಬರುತ್ತದೆ. ಕಾಲಿಗೆ ಹಾಕಿಕೊಂಡು, ಮುಖ ತೊಳೆದು, ಒಂದು ತುಣುಕು ಬೆಲ್ಲ ಬಾಯಿಗಿಟ್ಟು ನೀರು ಕುಡಿಯಬೇಕು. ಅದಾಗುವವರೆಗೆ ಬಂದ ಕೆಲಸ ಕೇಳುವುದಿಲ್ಲ, ಹೇಳಲೂ ಬಿಡುವುದಿಲ್ಲ. ನಾನು ಅವಸರದ ಪ್ರಾಣಿ. ಬಿಸಿಲು ಏರುವ ಮೊದಲು ಎಂಟು ಹೊಲದವರ ಒಪ್ಪಿಗೆ ಪಡೆಯಬೇಕು. ಎಂಟು ಮನೆಯಲ್ಲಿ ಎಂಟು ಸಲ ಮುಖ ತೊಳೆದೆ. ನಮ್ಮ ಕಡೆ ಗೇಟಿನ ಹೊರಗೆ ನಿಲ್ಲಿಸಿಯೇ "ಏನ್ ವಿಷ್ಯ?" ಅನ್ನುತ್ತಾರೆ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆಗ ಅದೇ ಚೆಂದ ಅನ್ನಿಸಿತ್ತು.

ಎರಡು ಹೊಲ ಆರಿಸಿಕೊಂಡೆ. ಒಂದು ಹತ್ತಿರದ ಸೊರಡಿ ಅನ್ನುವ ಊರಿನಲ್ಲಿ, ಇನ್ನೊಂದು ಇಲ್ಲೇ ಗಂಗವ್ವನದು. ಎರಡರಲ್ಲೂ ಇಪ್ಪತ್ತಿಪ್ಪತ್ತು ಗಿಡಕ್ಕೆ ಕೆಂಪು ನೂಲು ಕಟ್ಟಿದೆ. ಎರಡು ಕಡೆಯೂ ಒಂದೇ ನಡುಹಗಲಿನಲ್ಲಿ ಅಚ್ಚು ತೆಗೆಯಬೇಕು, ನನಗೋ ಇರುವುದು ಒಂದೇ ದೇಹ. ಸೊರಡಿಗೆ ನಾನು ಹೋಗುವುದು, ಇಲ್ಲಿಯದನ್ನು ಗಂಗವ್ವ ನೋಡಿಕೊಳ್ಳುವುದು ಎಂದಾಯಿತು. ಸಂಸ್ಥೆಯ ಕಾಗದದಲ್ಲಿ ಅವಳ ಹೆಸರು 'ಕ್ಷೇತ್ರ ಸಹಾಯಕಿ' ಎಂದು ಏರಿತು. ಹದಿನಾಲ್ಕು ಸೂಚನೆಗಳನ್ನು ಬರೆದು, ಸುನಂದಾಳಿಂದ ಮರಾಠಿಗೆ ಮಾಡಿಸಿ, ಗೋಡೆಗೆ ಅಂಟಿಸಿದೆ. ಎಲೆ ಹಿಡಿಯುವುದು ಹೇಗೆ, ಬಣ್ಣ ಎಷ್ಟು ತೆಳುವಾಗಿ, ಎಷ್ಟು ನಿಮಿಷ ಒಣಗಬೇಕು, ಎಲ್ಲ ಇತ್ತು. ಗಂಗವ್ವ ಕೇಳಿದ್ದು ಒಂದೇ: "ಈ ಫೋಟೋ ಯಾರ್ಯಾರು ನೋಡ್ತಾರ್ರಿ?" ನಾನು ಸ್ವಲ್ಪ ಜಂಬದಲ್ಲಿ, "ದೊಡ್ಡ ದೊಡ್ಡ ವಿಜ್ಞಾನಿಗಳು ನೋಡ್ತಾರೆ ಗಂಗವ್ವ. ನಿಮ್ಮ ಹೊಲದ ಜೋಳ ಎಲ್ಲಾ ಕಡೆ ಹೋಗತ್ತೆ," ಅಂದೆ. ಅವಳು ತಲೆಯಾಡಿಸಿದಳು.

ಕೆಲಸ ಶುರುವಾದ ಮೇಲೆ ನನ್ನ ಪ್ರೋಗ್ರಾಮು ನನ್ನ ಮಾನ ಕಳೆಯಿತು. ಲ್ಯಾಬಿನ ಹಸಿರುಮನೆಯ ತೊಳೆದ ಎಲೆಗಳಲ್ಲಿ ಅದು ಬೆಳೆದಿತ್ತು. ಇಲ್ಲಿ ಧೂಳು. ಜೀಪು ಹೋದರೆ ಧೂಳು, ಕುರಿ ಹೋದರೆ ಧೂಳು, ಯಾರೂ ಹೋಗದಿದ್ದರೂ ಧೂಳು. ಸೊರಡಿಯಿಂದ ನಾನು ತಂದ ಚಿತ್ರಗಳಲ್ಲಿ ಪ್ರೋಗ್ರಾಮು ಒಂದೊಂದು ಧೂಳಿನ ಕಣವನ್ನೂ ಬಾಯಿ ಎಂದು ತಿಳಿದು ಚೌಕ ಹಾಕಿತು. ಒಂದು ಎಲೆಗೆ ಇರಬೇಕಾದದ್ದರ ಮೂರರಷ್ಟು ಬಾಯಿ. ಅದಕ್ಕೆ ಧೂಳು ಯಾವುದು, ಬಾಯಿ ಯಾವುದು ಎಂದು ಕಲಿಸಲು ಉಣ್ಣೆಯ ಕೋಣೆಯಲ್ಲಿ ಕೂತು ಸಾವಿರಗಟ್ಟಲೆ ಚೌಕಗಳನ್ನು ಕೈಯಾರೆ ತಿದ್ದಿದೆ. ಕಣ್ಣು ಮುಚ್ಚಿದರೂ ಒನಕೆಗಳೇ ಕಾಣುತ್ತಿದ್ದವು.

ಗಂಗವ್ವನ ಚಿತ್ರಗಳದು ಆ ಗೋಳೇ ಇಲ್ಲ. ಒಂದು ಕಣ ಧೂಳಿಲ್ಲ, ಒಂದು ಗುಳ್ಳೆಯಿಲ್ಲ. ನೋಡಿ ನೋಡಿ ನನಗೆ ಹೊಟ್ಟೆ ಉರಿಯಿತು. ರೊಟ್ಟಿ ಬಡಿಯುವ ಕೈ, ನನ್ನ ಕೈಗಿಂತ ಹದ ಜಾಸ್ತಿ ಅಂದುಕೊಂಡೆ. ನನ್ನ ಗೈಡು ಕೂಡ ಫೋನಿನಲ್ಲಿ, "ನಿನ್ನ ಸಹಾಯಕಿಯಿಂದ ನೀನು ಕಲಿತುಕೋ," ಅಂದರು.

ಅದಕ್ಕಿಂತ ದೊಡ್ಡದು ಬೇರೆ ಇತ್ತು. ಸೊರಡಿಯ ಜೋಳ ಪುಸ್ತಕದಲ್ಲಿ ಬರೆದ ಹಾಗೆ ಹನ್ನೆರಡು ಗಂಟೆಗೆ ಬಾಯಿ ಮುಚ್ಚುತ್ತಿತ್ತು. ಗಂಗವ್ವನ ಜೋಳ ತೆರೆದೇ ಇರುತ್ತಿತ್ತು. ನೆಲ ಬಿರುಕು ಬಿಟ್ಟ ಮೇಲೂ, ಬಿಸಿಲು ನೆತ್ತಿಗೆ ಬಂದರೂ, ವಾರದ ನಂತರ ವಾರ. ಬೀಜ ಅವಳ ಮನೆಯದು, ಅತ್ತೆಯ ಕಾಲದಿಂದ ಎತ್ತಿಟ್ಟುಕೊಂಡು ಬಂದದ್ದು. ಗೈಡಿನ ದನಿಯೇ ಬದಲಾಯಿತು. "ಇದು ಸಣ್ಣ ವಿಷಯ ಅಲ್ಲ ಕಣಮ್ಮ. ಬರದಲ್ಲಿ ನಡುಹಗಲು ಉಸಿರಾಡೋ ತಳಿ ಅಂದ್ರೆ ಏನು ಗೊತ್ತಾ?" ಅಂದರು. ಡಿಸೆಂಬರಿನಲ್ಲಿ ಸಂಸ್ಥೆಯ ಸಮಿತಿ ಕೂತು, ಈ ಫಲಿತಾಂಶ ನೋಡಿ, ನನಗೆ ಫೆಲೋಶಿಪ್ಪಿನ ಸಮೇತ ಇನ್ನೊಂದು ವರ್ಷ ಕೊಡಲು ಬಾಯಿಮಾತಿನಲ್ಲಿ ಒಪ್ಪಿತು. ನಾನು ಜತ್ತಿನಿಂದ ಪೇಡೆ ತಂದು ಹಂಚಿದೆ. ನಿಮ್ಮ ಜೋಳದ ಹೆಸರು ಪುಸ್ತಕದಲ್ಲಿ ಬರುತ್ತದೆ ಅಂದಾಗ ಗಂಗವ್ವ ಸೆರಗು ಸರಿಮಾಡಿಕೊಂಡಳು, ಅವಳದೇ ಫೋಟೋ ತೆಗೆಯುತ್ತಾರೆ ಅನ್ನುವ ಹಾಗೆ.

ಎಳ್ಳಮಾವಾಸ್ಯೆ ಕಳೆದು ಇನ್ನೊಂದು ಅಮಾವಾಸ್ಯೆ ಬಂತು. ಅವತ್ತು ಸೊರಡಿಯ ಕಡೆ ಹೋಗುವ ಜೀಪುಗಳೆಲ್ಲ ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗುವವರನ್ನು ತುಂಬಿಕೊಂಡು ಹೋಗಿಬಿಟ್ಟವು. ಒಂದೂವರೆ ಗಂಟೆ ನಿಂತು, ಸಿಟ್ಟು ನೆತ್ತಿಗೇರಿ, ಇಲ್ಲಿಯ ಹೊಲವನ್ನಾದರೂ ನೋಡೋಣ ಎಂದು ನಡೆದೆ. ಹನ್ನೊಂದು ಗಂಟೆ ಇರಬೇಕು. ಗಂಗವ್ವ ಕೆಂಪು ನೂಲಿನ ಗಿಡಗಳ ಸಾಲಿನಲ್ಲಿ ಇದ್ದಳು. ಪಕ್ಕದಲ್ಲಿ ಒಂದು ಕೊಡ. ಕೈಯಲ್ಲಿ ಚರಿಗೆ. ಒಂದು ಚರಿಗೆ ನೀರು ಗಿಡದ ಬುಡಕ್ಕೆ ಹಾಕಿದಳು. ಸೆರಗಿನ ತುದಿ ಅದ್ದಿ ಎಲೆಯ ಮೇಲೂ ಕೆಳಗೂ ಒರೆಸಿದಳು. ಒಣಗಿದ ತುದಿಯಿಂದ ಮತ್ತೆ ಒರೆಸಿದಳು. ಮುಂದಿನ ಗಿಡಕ್ಕೆ ಹೋದಳು.

"ಏನ್ ಮಾಡ್ತಿದೀರಿ ಗಂಗವ್ವ?"

ಅವಳು ತಿರುಗಿ ನೋಡಿ ನಕ್ಕಳು. "ಬಂದ್ರೇನ್ರಿ? ಜೀಪ ಸಿಗಲಿಲ್ಲ ಹೌದಲ್ಲ. ಇವಕ್ಕ ಮಾರಿ ತೊಳಸಾಕತ್ತೀನಿ. ಇನ್ನ ಒಂದ ತಾಸಿಗೆ ಫೋಟೋ ಐತಲ್ರಿ."

"ನೀರು ಹಾಕಿದ್ರಾ?"

"ಹಾಕದ ಹೆಂಗ್ರಿ? ಒಬ್ಬರ ಕಡಿಂದ ಕೆಲಸ ತಗೊಳ್ಳೂದಂದ್ರ ಮೊದಲ ಒಂದ ಚರಿಗಿ ನೀರ ಕೊಡಬೇಕೋ ಬ್ಯಾಡೋ?"

"ಎಷ್ಟು ದಿನದಿಂದ?"

"ಪೈಲಾ ದಿನದಿಂದ." ಪೈಲಾ ಅಂದರೆ ಮೊದಲ.

ಲೆಕ್ಕ ಹಾಕಿದೆ. ಮೂರು ತಿಂಗಳ ಚಿತ್ರಗಳು. ಧೂಳಿಲ್ಲದ ಎಲೆ, ತೆರೆದ ಬಾಯಿ, ಗೈಡಿನ ದನಿ, ಪೇಡೆ. ಸುತ್ತಲಿನ ಎಂಟು ಎಕರೆ ಬಾಯಿ ಮುಚ್ಚಿಕೊಂಡು ನಿಂತಿರುವಾಗ ಈ ಇಪ್ಪತ್ತು ಮಾತ್ರ ನೀರು ಕುಡಿದು ಮುಖ ತೊಳೆದುಕೊಂಡು ಉಸಿರಾಡಿವೆ. ಎಷ್ಟು ನೀರು ಹಾಕಿದ್ದೀರಿ ಎಂದು ಕೇಳಿದೆ. ಅಳತೆಯಾದರೂ ಇದ್ದರೆ ಏನಾದರೂ ಉಳಿಸಿಕೊಳ್ಳಬಹುದಿತ್ತು. "ಒಂದೊಂದ ಚರಿಗಿ. ಸೊರಗಿದ್ದಕ್ಕ ಎರಡ," ಅಂದಳು.

ಆಮೇಲೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮದ್ದೂರಿನ ಬಾಯಿ, ತೆರೆದರೆ ಏನು ಬರುತ್ತದೆ ಎಂದು ನಿಮಗೆ ಗೊತ್ತು. ನನ್ನ ಬದುಕು ಹಾಳುಮಾಡಿದಿರಿ ಅಂದೆ, ಹೇಳಿದ್ದಷ್ಟು ಮಾಡಲು ಏನು ಕಷ್ಟ ಅಂದೆ, ಇನ್ನೂ ಅಂದೆ. ಗಂಗವ್ವ ಕೊಡದಲ್ಲಿ ಉಳಿದ ನೀರನ್ನು ಚೆಲ್ಲಲು ಮನಸ್ಸು ಬಾರದೆ ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದಳು. ಎರಡು ದಿನ ರೊಟ್ಟಿ ನನ್ನ ಕೋಣೆಯ ಬಾಗಿಲಲ್ಲಿ ಮುಚ್ಚಿಟ್ಟಿರುತ್ತಿತ್ತು, ಮಾತಿಲ್ಲ.

ಗೈಡಿಗೆ ಹೇಳಿದೆ. ಅವರು, "ಫಲಿತಾಂಶ ಹೋಯ್ತು. ಅವಧಿ ಹೋಗೋದು ಬೇಡ," ಅಂದರು. ಅವರ ದಾರಿ ಸುಲಭವಾಗಿತ್ತು. ಸಮಿತಿಗೆ ಒಂದು ವರದಿ ಕೊಡಬೇಕು: ಕ್ಷೇತ್ರ ಸಹಾಯಕಿಯ ನಿರ್ಲಕ್ಷ್ಯದಿಂದ ಮಾಹಿತಿ ನಾಶವಾಗಿದೆ, ಇದು ಅಭ್ಯರ್ಥಿಯ ಕೈಮೀರಿದ ಕಾರಣ. ಸಹಾಯಕಿ ಅದಕ್ಕೆ ಸಹಿ ಹಾಕಬೇಕು. ಆಗ ವರ್ಷವೂ ಸಿಗುತ್ತದೆ, ಫೆಲೋಶಿಪ್ಪೂ ಸಿಗುತ್ತದೆ. ನಾನು ತಡವರಿಸಿದ್ದಕ್ಕೆ, "ಅವರಿಗೆ ಇಂಗ್ಲಿಷ್ ಬರತ್ತಾ? ಈ ಕಾಗದ ಉಟಗಿಯಲ್ಲಿ ಯಾರು ಓದ್ತಾರೆ?" ಅಂದರು. ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು.

ಬರೆದೆ. ಸುಳ್ಳು ಹೇಳುವುದಿಲ್ಲ, ಒಂದೇ ಉಸಿರಿನಲ್ಲಿ ಬರೆದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಮತ್ತೆ ಅದು ನಿಜವೂ ಅಂತ ಅನ್ನಿಸಿತ್ತು. ಜತ್ತಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದು, ಮೂರನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಗಂಗವ್ವನ ಮುಂದೆ ಇಟ್ಟೆ.

"ಇದಕ್ಕೊಂದು ಸಹಿ ಬೇಕು."

ಗಂಗವ್ವ ಹಿಟ್ಟಿನ ಕೈ ತೊಳೆದು ಬಂದು ಕೂತಳು. "ಎಲ್ಲಿ ಮಾಡಬೇಕ್ರಿ?" ಪೆನ್ನು ತೆಗೆದುಕೊಂಡಳು. ಏನು ಬರೆದಿದೆ ಎಂದು ಕೇಳಲಿಲ್ಲ. ಎರಡು ದಿನದ ನಂತರ ನಾನು ಮಾತಾಡಿಸಿದ್ದೇ ಅವಳಿಗೆ ಸಾಕಾಗಿತ್ತು ಅಂತ ಕಾಣುತ್ತದೆ.

ಕೇಳಿದವಳು ಸುನಂದಾ. ಅತ್ತೆಯ ಭುಜದ ಹಿಂದಿನಿಂದ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. "ಇದ ಒಂದ ಶಬ್ದ ತಿಳೀಲಿಲ್ರಿ ಬಾಯಾರ. ನೆಗ್ಲಿಜೆನ್ಸ್. ಅಂದ್ರ ಏನ್ರಿ?"

ನಾನು ಬೇರೆ ಏನಾದರೂ ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಅವರಿಬ್ಬರಿಗೂ ಗೊತ್ತಿರುವ ಪದವನ್ನೇ ಹುಡುಕಿದೆ. ಈ ಕಡೆ ಅಕ್ಕರೆಗೂ ಆರೈಕೆಗೂ ಎಚ್ಚರಕ್ಕೂ ಒಂದೇ ಮಾತು, ಕಾಳಜಿ.

"ಕಾಳಜಿ ಮಾಡಲಿಲ್ಲ ಅಂತ," ಅಂದೆ.

ಗಂಗವ್ವ ಪೆನ್ನು ಎತ್ತಿಹಿಡಿದೇ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು.

"ಕಾಳಜಿ ಮಾಡಿದ್ದಕ್ಕ ಅಲ್ಲೇನ್ರಿ ನೀವು ನನ್ನ ಬೈದದ್ದು?"

ನಾನು ಆ ಹಾಳೆಯನ್ನು ಅವಳ ಮೊಣಕಾಲಿನ ಮೇಲಿಂದ ತೆಗೆದುಕೊಂಡೆ. ಕೋಣೆಗೆ ಹೋಗಿ ಅತ್ತುಬಿಟ್ಟೆ, ಅದೂ ಸಿಟ್ಟಿನಲ್ಲೇ. ಗೋಡೆಯ ಮೇಲೆ ಹದಿನಾಲ್ಕು ಸೂಚನೆಗಳಿದ್ದವು. ಗಿಡಕ್ಕೆ ನೀರು ಹಾಕಬೇಡಿ ಎಂದು ಒಂದರಲ್ಲೂ ಇರಲಿಲ್ಲ. ಹಾಗೊಂದು ಸೂಚನೆ ಬೇಕಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ನೀರಿನ ಬರವಿರುವ ಊರಿನಲ್ಲಿ ಯಾರಾದರೂ ಅರ್ಧ ಹರದಾರಿ ಕೊಡ ಹೊತ್ತುಕೊಂಡು ಬಂದು, ಮಾಪನಕ್ಕೆ ನಿಂತ ಗಿಡಗಳಿಗೆ ಕುಡಿಸುತ್ತಾರೆ ಎಂದು ಮದ್ದೂರಿನವಳ ತಲೆಗೆ ಹೇಗೆ ಬರಬೇಕು? ಹೊಸ ವರದಿ ನಾಲ್ಕೇ ಸಾಲು. ಸೂಚನೆ ಕೊಟ್ಟವಳು ನಾನು, ಸೂಚನೆ ಅಪೂರ್ಣವಾಗಿತ್ತು, ಮೂರು ತಿಂಗಳು ಒಂದು ದಿನವೂ ನಡುಹಗಲಿನಲ್ಲಿ ಆ ಹೊಲಕ್ಕೆ ಹೋಗಿ ನೋಡಲಿಲ್ಲ, ಸಹಾಯಕಿಯದು ತಪ್ಪಿಲ್ಲ. ಗೈಡು ಓದಿ, "ನಿನ್ನಿಷ್ಟ," ಎಂದು ಫೋನಿಟ್ಟರು.

ಸಮಿತಿ ನಿಯಮದ ಪ್ರಕಾರ ನಡೆದುಕೊಂಡಿತು. ಇನ್ನೊಂದು ಹಿಂಗಾರಿಗೆ ಅವಕಾಶ ಕೊಟ್ಟಿತು, ಫೆಲೋಶಿಪ್ ನಿಲ್ಲಿಸಿತು. ಹಿಂಗಾರು ಮುಗಿದ ಮೇಲೂ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟುವಾಗ ಗಂಗವ್ವ ಬಂದು ಹೊಸ್ತಿಲ ಮೇಲೆ ಕೂತಳು.

"ದೊಡ್ಡ ಸಾಹೇಬರು ಏನಂದ್ರು? ನಮ್ಮ ಜೋಳ ನಾಪಾಸ ಆತೇನ್ರಿ?"

"ಜೋಳ ಅಲ್ಲ ಗಂಗವ್ವ, ನಾಪಾಸಾದದ್ದು ನಾನು."

"ನಾಪಾಸ ಆದ್ರ ಅದ ವರ್ಗದಾಗ ಮತ್ತ ಕುಂದ್ರಬೇಕಲ್ರಿ," ಅಂದಳು. "ಮಿರಗದ ಮಳಿ ಮುಗಿದ ಮ್ಯಾಲ ಬರ್ರಿ. ಖೋಲಿ ಖಾಲಿ ಇಟ್ಟಿರತೀನಿ. ಉಣ್ಣಿ ತುಂಬೂದಿಲ್ಲ."

ಬೇಸಿಗೆಯೆಲ್ಲ ಮದ್ದೂರಿನಲ್ಲಿ ಕಳೆದೆ. ಟ್ಯೂಷನ್ ಹೇಳಿದೆ, ಮುದ್ದೆ ತಿಂದೆ. ಸುಖವಾಗಿರಬೇಕಿತ್ತು. ಎರಡನೆಯ ವಾರಕ್ಕೇ ಎಲ್ಲದಕ್ಕೂ ರೇಗತೊಡಗಿದೆ. ನಲ್ಲಿ ಸುರಿಯಲು ಬಿಟ್ಟು ಅಮ್ಮ ಬೇರೆ ಪಾತ್ರೆ ಹುಡುಕುತ್ತಿದ್ದರೆ ಓಡಿಹೋಗಿ ನಿಲ್ಲಿಸುತ್ತಿದ್ದೆ. ಮುದ್ದೆ ಗಂಟಲಿಗಿಳಿಯುವಾಗ ಹಲ್ಲಿಗೆ ಏನೋ ಕಡಿಮೆ ಅನ್ನಿಸುತ್ತಿತ್ತು. ಒಂದು ದಿನ ಫೋನಿನಲ್ಲಿ ಸುನಂದಾಳ ಹತ್ತಿರ, "ನಮ್ಮ ಹೊಲದಾಗ ಮಳಿ ಆತೇನ?" ಎಂದು ಕೇಳುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. "ಯಾವ್ ಹೊಲ ಕಣೇ? ಯಾರ್ ಮಾತದು?" ಅಂದರು. ನನಗೆ ಅಮ್ಮನ ಮೇಲೂ ಸಿಟ್ಟು ಬಂತು, ಯಾಕೆಂದು ಹೇಳಲು ಬಾರದ ಸಿಟ್ಟು.

ಸೆಪ್ಟೆಂಬರಿನಲ್ಲಿ ಮರಳಿ ಬಂದೆ. ಕೋಣೆಗೆ ಸುಣ್ಣ ಬಳಿದಿದ್ದರು. ಕುರಿಯ ವಾಸನೆ ಸುಣ್ಣಕ್ಕೆ ಮಣಿದಿರಲಿಲ್ಲ. ಅದೇ ಹೊಲ, ಅದೇ ಮನೆಯ ಬೀಜ, ಹೊಸ ಕೆಂಪು ನೂಲು. ಈ ಸಲ ಸೊರಡಿ ಬಿಟ್ಟು ಇದೊಂದೇ ಹೊಲ ಇಟ್ಟುಕೊಂಡೆ, ಎಲ್ಲ ಅಚ್ಚನ್ನೂ ನಾನೇ ತೆಗೆಯುತ್ತೇನೆ ಅಂದೆ. ಹದಿನೈದನೆಯ ಸೂಚನೆಯನ್ನು ನಾನು ಬರೆಯುವ ಮೊದಲೇ ಗಂಗವ್ವ ಹೇಳಿದಳು: "ತಿಳೀತ್ರಿ. ನೀರ ಹಾಕೂದಿಲ್ಲ." ಮಾತಿಗೆ ತಪ್ಪಲಿಲ್ಲ. ಕಾರ್ತಿಕ ಕಳೆಯಿತು. ನೆಲ ಆರಿ, ಬಿರುಕು ಬಿಟ್ಟು, ಬಿರುಕಿನಲ್ಲಿ ನನ್ನ ಪೆನ್ನು ಬಿದ್ದರೆ ಕೈಗೆ ಸಿಗದಷ್ಟು ಆಳವಾಯಿತು.

ಮೊನ್ನೆ ನಡುಹಗಲು ಅಚ್ಚು ತೆಗೆಯುತ್ತಿದ್ದೆ. ಎಲೆಗಳು ಸುರುಳಿ ಸುತ್ತಿ ತುದಿ ಇಳಿಬಿಟ್ಟಿದ್ದವು. ಗಂಗವ್ವ ಸಾಲಿನ ತುದಿಯಲ್ಲಿ ನಿಂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದಳು, ಬಿಟ್ಟರೆ ತಾವಾಗಿಯೇ ಹೋಗಿ ಗಿಡ ಮುಟ್ಟುತ್ತವೇನೋ ಅನ್ನುವಂತೆ. ಈ ಸಲ ಸೂಕ್ಷ್ಮದರ್ಶಕವನ್ನು ಹೊಲಕ್ಕೇ ತಂದಿದ್ದೆ, ಪ್ರೋಗ್ರಾಮನ್ನೂ ಫೋನಿಗೆ ಇಳಿಸಿಕೊಂಡಿದ್ದೆ. ಫೋನಿನ ಪರದೆಯ ಮೇಲೆ ಚಿತ್ರ ಬಂತು. ಒನಕೆಗಳು ಒಂದಕ್ಕೊಂದು ಅಂಟಿ ಮಲಗಿದ್ದವು. ಪ್ರೋಗ್ರಾಮು ಹುಡುಕಿ ಹುಡುಕಿ ಚೌಕ ಹಾಕಿತು: ಮುಚ್ಚಿದೆ, ಮುಚ್ಚಿದೆ, ಮುಚ್ಚಿದೆ. ಧೂಳನ್ನು ಅದು ಈಗ ಬಾಯಿ ಅನ್ನುವುದಿಲ್ಲ. ಎಲ್ಲ ಸರಿಯಾಗಿತ್ತು. ಗಂಗವ್ವನ ಜೋಳವೂ ಸೊರಡಿಯದರ ಹಾಗೆ ಬಾಯಾರಿದಾಗ ಬಾಯಿ ಮುಚ್ಚುವ ಜೋಳವೇ. ವಿಶೇಷ ಏನಿಲ್ಲ. ಆದರೂ ಅಂಕಿ ಸ್ವಚ್ಛ, ಪ್ರಬಂಧಕ್ಕೆ ಸಾಕು, ಇನ್ನು ಯಾರೂ ನನ್ನ ನೋಂದಣಿ ರದ್ದು ಮಾಡಲಾರರು.

"ನೋಡಿ ಗಂಗವ್ವ," ಎಂದು ಪರದೆ ತೋರಿಸಿದೆ. "ಬಾಯಿ ಮುಚ್ಚಿಕೊಂಡಾವ."

ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಇವಕ್ಕ ನೀರಡಿಕಿ ಆಗೇತಿ ಅಂತ ನಿಮಗ ಕಾಣಸ್ತೈತಿ?"

"ಕಾಣಸ್ತೈತಿ."

"ನನಗೂ ಕಾಣಸ್ತೈತಿ, ಇದ ಮಶೀನ ಇಲ್ದ." ಕಂಕುಳಿನಿಂದ ಕೈ ತೆಗೆಯಲಿಲ್ಲ. "ನಾನು ಮಾತ ಕೊಟ್ಟೀನಿ, ಮುಟ್ಟೂದಿಲ್ಲ. ನಿಮಗ ಚಲೋ ಆಗಲಿ. ಆದ್ರ ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಯಾರ ಕಡಿಯವ್ರು?"

ಉತ್ತರ ಕೊಡಲು ಬಾಯಿ ತೆರೆದೆ. ಸಂಸ್ಥೆಯ ಕಡೆಯವಳು ಅನ್ನಲಾಗಲಿಲ್ಲ. ನಿಮ್ಮ ಕಡೆಯವಳು ಅನ್ನಲು ಮುಖವಿರಲಿಲ್ಲ; ನನ್ನ ಚೀಲದಲ್ಲಿ ಕುಡಿಯುವ ನೀರಿನ ಬಾಟಲಿ ಅರ್ಧ ತುಂಬಿತ್ತು. ಅದನ್ನು ಅವಳೂ ನೋಡಿದಳು, ನಾನೂ ನೋಡಿದೆ. ಮುಂದಿನ ಗಿಡಕ್ಕೆ ಹೋಗಿ ಉಗುರುಬಣ್ಣದ ಮುಚ್ಚಳ ತೆಗೆದೆ, ಎಲೆ ತಿರುಗಿಸಿದೆ, ಹೊತ್ತು ಬರೆದುಕೊಂಡೆ. ಹನ್ನೆರಡು ನಲವತ್ತು.